ಅಜೂಲಾಳ ಪಕ್ಕದಲ್ಲಿ ನಿಂತವರು

(ಬೇಲೂರಿನ ನಿವೃತ್ತ ಮೇಷ್ಟ್ರೊಬ್ಬರ ಪತ್ರದ ಸಾರ: ಮೊಮ್ಮಗಳ ಜೊತೆ ಕೂತು ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಕಾರ್ಟೂನ್ ಸರಣಿ ನೋಡಿದೆ. ದುಷ್ಟ ರಾಜಕುಮಾರಿ ಅಜೂಲಾಳ ಗೆಳತಿಯರಾದ ಮಾಯ್, ಟೈ ಲೀ ಎಂಬ ಹುಡುಗಿಯರನ್ನು ಬರೀ ಹೊಡೆದಾಟಕ್ಕೆ ಬಳಸಿ ಕೈಬಿಟ್ಟಿದ್ದಾರೆ. ಆ ಅಜೂಲಾ ಕೊನೆಗೆ ಅಳುವುದನ್ನು ತೋರಿಸಿ ಮಕ್ಕಳಲ್ಲಿ ಮರುಕ ಹುಟ್ಟಿಸುತ್ತಾರೆ. ಹೀಗಾದರೆ ಸರಿ-ತಪ್ಪಿನ ಗೆರೆ ಅಳಿಸಿಹೋಗುವುದಿಲ್ಲವೇ? ಹಾಮಾ ಎಂಬ ಮುದುಕಿಯ ಕಂತನ್ನು ಮಾತ್ರ ಅವಳಿಗೆ ತೋರಿಸಲಿಲ್ಲ. ಸರಿ ಮಾಡಿದೆನೇ?)

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಮೊದಲ ದೂರನ್ನು ಪೂರ್ತಿ ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ. ಆದರೆ ಎರಡಕ್ಕೂ ಬೇರು ಒಂದೇ ಎಂದು ನನ್ನ ಅನಿಸಿಕೆ. ಖಳರು ಎಷ್ಟು ಕೆಟ್ಟವರು, ಏನನ್ನು ಕಳೆದುಕೊಂಡರು ಎಂಬುದು ನಮಗೆ ತಿಳಿಯುವುದು ಅವರ ಪಕ್ಕದಲ್ಲಿ ನಿಂತವರಿಂದ. ಆ ಪಕ್ಕದವರ ಬಾಯಿ ಕಟ್ಟಿದರೆ ಖಳರ ಅಳುವಿಗೆ ಬುಡವೇ ಇರುವುದಿಲ್ಲ. ನಿಮಗೆ ಕಸಿವಿಸಿಯಾದದ್ದು ಅಲ್ಲೇ ಇರಬೇಕು.

ಒಮಾಶೂ ನಗರದ ಪ್ರಸಂಗ ನೆನಪು ಮಾಡಿಕೊಳ್ಳಿ. ಮಾಯ್‌ಳ ಪುಟ್ಟ ತಮ್ಮ ಟಾಮ್-ಟಾಮ್ ಎದುರಾಳಿಗಳ, ಅಂದರೆ ಕಥಾನಾಯಕ ಆಂಗ್‌ನ ಕಡೆಯವರ, ಕೈಯಲ್ಲಿದ್ದಾನೆ. ಮಗುವನ್ನು ಕೊಟ್ಟು ಸೆರೆಯಲ್ಲಿರುವ ರಾಜ ಬೂಮಿಯನ್ನು ಬಿಡಿಸಿಕೊಳ್ಳುವ ಒಪ್ಪಂದವಾಗಿದೆ. ಎರಡು ವರ್ಷದ ಕೂಸಿಗೆ ಬದಲಾಗಿ ಒಬ್ಬ ರಾಜನೇ ಎಂದು ಅಜೂಲಾ ತಕರಾರು ತೆಗೆದದ್ದೇ ತಡ, ಮಾಯ್ ಹೂಂಗುಟ್ಟಿ ಒಪ್ಪಂದ ಮುರಿಯುತ್ತಾಳೆ. ಒಡಹುಟ್ಟಿದ ತಮ್ಮನನ್ನು ಶತ್ರುಗಳ ಕೈಯಲ್ಲೇ ಬಿಡುತ್ತಾಳೆ! ರಾತ್ರಿ ಮಗುವನ್ನು ಗುಟ್ಟಾಗಿ ಮನೆ ಸೇರಿಸುವವನು ಆ ಆಂಗ್. ಆ ಹುಡುಗಿ ಆ ಹೊತ್ತಿನಲ್ಲಿ ಏನು ನುಂಗಿಕೊಂಡಳು? 61 ಕಂತುಗಳ ಸರಣಿ ಈ ಪ್ರಶ್ನೆಗೆ ಮತ್ತೆ ಬರುವುದೇ ಇಲ್ಲ. ನನಗೆ ಇದು ಇಡೀ ಕಥೆಯ ದೊಡ್ಡ ನಷ್ಟ.

ಟೈ ಲೀಯದೂ ಅದೇ ಪಾಡು. ಅವಳು ಸರ್ಕಸ್ಸಿನಲ್ಲಿ ಖುಷಿಯಾಗಿದ್ದವಳು. ಜೊತೆಗೆ ಬರಲು ಒಲ್ಲೆ ಎಂದಾಗ ಅಜೂಲಾ ಜೋರು ಮಾಡುವುದಿಲ್ಲ, ನಗುನಗುತ್ತಲೇ ಆಟ ನೋಡಲು ಕೂತು, ಕೆಳಗಿನ ಬಲೆಗೆ ಬೆಂಕಿ ಹಚ್ಚಿಸುತ್ತಾಳೆ. ಗೆಳತಿಯರ ಈ ನಂಟು ನಿಂತಿರುವುದು ಭಯದ ಮೇಲೆ ಎಂದು ತಿಳಿಯಲು ಆ ಒಂದು ದೃಶ್ಯ ಸಾಕು. ಕೊನೆಗೆ ಸೆರೆಮನೆಯಲ್ಲಿ ಮಾಯ್ ತಿರುಗಿಬೀಳುತ್ತಾಳೆ. ನಿನ್ನ ಮೇಲಿನ ಭಯಕ್ಕಿಂತ ನಿನ್ನ ಅಣ್ಣ ಜೂಕೋ ಮೇಲಿನ ಪ್ರೀತಿ ನನಗೆ ಹೆಚ್ಚು ಎನ್ನುತ್ತಾಳೆ. ಅಜೂಲಾ ಅವಳ ಮೇಲೆ ಎರಗುವ ಮುನ್ನ ಟೈ ಲೀ ಅಜೂಲಾಳ ನರಗಳಿಗೆ ಪೆಟ್ಟು ಕೊಟ್ಟು ನೆಲಕ್ಕುರುಳಿಸುತ್ತಾಳೆ. ಅಜೂಲಾಳ ಮನಸ್ಸು ಮುರಿಯುವುದು ಇಲ್ಲಿ. ಆಮೇಲೆ ಯಾರನ್ನೂ ನಂಬಲಾರದೆ ಆಳುಕಾಳುಗಳನ್ನೆಲ್ಲ ಓಡಿಸುತ್ತಾಳೆ, ಕನ್ನಡಿಯಲ್ಲಿ ತಾಯಿಯನ್ನು ಕಾಣುತ್ತಾಳೆ. ಆದರೆ ಇಷ್ಟಕ್ಕೆಲ್ಲ ಕಾರಣರಾದ ಗೆಳತಿಯರಿಬ್ಬರೂ ಸೆರೆ ಸೇರಿ ಮರೆಯಾಗಿಬಿಡುತ್ತಾರೆ, ಕೊನೆಯಲ್ಲಿ ಒಂದೆರಡು ಕ್ಷಣ ಮುಖ ತೋರಿಸಿ ಮುಗಿಸುತ್ತಾರೆ. ಸೆರೆಯಲ್ಲಿ ಅವರಿಬ್ಬರೂ ಮಾತಾಡಿಕೊಳ್ಳುವ ಒಂದೇ ಒಂದು ದೃಶ್ಯ ಇದ್ದಿದ್ದರೆ, ಅಜೂಲಾ ಮಾಡಿದ್ದೇನು, ಕಳೆದುಕೊಂಡದ್ದೇನು ಎಂಬುದು ನಿಮ್ಮ ಮೊಮ್ಮಗಳಿಗೆ ಯಾರೂ ವಿವರಿಸದೆಯೇ ತಿಳಿಯುತ್ತಿತ್ತು.

ಇನ್ನು ಮರುಕದ ವಿಚಾರ. ರನ್ನನ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ಭಾಗವನ್ನು ಎಷ್ಟು ಸಲ ಪಾಠ ಮಾಡಿರುತ್ತೀರೋ. ದ್ರೋಣ, ದುಶ್ಶಾಸನ, ಕರ್ಣ ಒಬ್ಬೊಬ್ಬರೆದುರೂ ಅವನು ನಿಲ್ಲುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು, ಇಂಥ ಸಾವು ತನಗೂ ಬರಲಿ ಎನ್ನುತ್ತಾನೆ. ಓದಿದವರ ಗಂಟಲು ಕಟ್ಟುತ್ತದೆ. ಹಾಗಂತ ದ್ರೌಪದಿಯ ಮುಡಿಗೆ ಕೈ ಹಾಕಿಸಿದ್ದು ಸರಿ ಎಂದು ನಿಮ್ಮ ತರಗತಿಯಲ್ಲಿ ಯಾವ ಹುಡುಗನಾದರೂ ಹೇಳಿದ್ದುಂಟೇ? ರನ್ನ ಆ ಸತ್ತವರನ್ನೆಲ್ಲ ಮರೆಸಿ, ದುರ್ಯೋಧನ ಒಬ್ಬನೇ ಅಳುವುದನ್ನು ತೋರಿಸಿದ್ದರೆ ಆಗ ಗೆರೆ ಅಳಿಸಿಹೋಗುತ್ತಿತ್ತು. ನಿಮ್ಮೂರಿಗೆ ಹತ್ತಿರದ ಹಳೇಬೀಡಿನಲ್ಲಿ ಕೈಲಾಸವನ್ನೆತ್ತುವ ರಾವಣನ ಶಿಲ್ಪವಿದೆಯಲ್ಲ, ಮೊಮ್ಮಗಳನ್ನು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಿ. ಬೆಟ್ಟದ ತುಂಬ ಗಣಗಳು, ಪ್ರಾಣಿಗಳು. ಆ ಶಿಲ್ಪಿ ಸಣ್ಣವರಿಗೂ ಜಾಗ ಕೊಟ್ಟಿದ್ದಾನೆ. ರಾವಣನ ಸೊಕ್ಕಿನ ಅಳತೆ ಸಿಗುವುದು ಅವರಿಂದಲೇ.

ಹಾಮಾಳ ಕಂತು ಸರಣಿಯಲ್ಲೇ ಅತ್ಯಂತ ದಿಟ್ಟವಾದದ್ದು. ಅಜೂಲಾಳ ನಾಡಾದ ಅಗ್ನಿದೇಶದವರು ಅವಳನ್ನು ಊರಿನಿಂದ ಹಿಡಿದೊಯ್ದು ವರ್ಷಗಟ್ಟಲೆ ಪಂಜರದಲ್ಲಿಟ್ಟರು. ನೀರನ್ನು ಆಡಿಸುವ ವಿದ್ಯೆ ಬಲ್ಲ ಅವಳು ಹುಣ್ಣಿಮೆಯ ಬಲದಲ್ಲಿ ಇಲಿಗಳ ಮೈಯ ರಕ್ತವನ್ನು ಹಿಡಿತಕ್ಕೆ ತಂದುಕೊಂಡು, ಆಮೇಲೆ ಕಾವಲುಗಾರನ ಮೇಲೆ ಅದೇ ವಿದ್ಯೆ ನಡೆಸಿ ಹೊರಬಂದಳು. ಅಷ್ಟರವರೆಗೆ ನಾನು ಅವಳ ಕಡೆ. ಆದರೆ ಅವಳು ಸೇಡು ತೀರಿಸಿಕೊಳ್ಳುವುದು ತನಗೇನೂ ಮಾಡದ, ಆ ದೇಶದ ಹಳ್ಳಿಯವರ ಮೇಲೆ. ನೋವು ನಿಜ, ಕೆಲಸ ತಪ್ಪು ಎಂಬ ಎರಡನ್ನೂ ಒಟ್ಟಿಗೆ ಹಿಡಿದು ತೋರಿಸುವ ಕಂತು ಅದು. ಅವಳಿಗೂ ಒಂದೇ ಕಂತು ಸಿಕ್ಕಿತಲ್ಲ ಎಂಬ ಸಂಕಟ ನನ್ನದು.

ಮೊಮ್ಮಗಳ ವಯಸ್ಸು ನೀವು ಬರೆದಿಲ್ಲ. ಹತ್ತು ತುಂಬಿದ್ದರೆ ತೋರಿಸಿ, ಆದರೆ ಹಗಲು ಹೊತ್ತಿನಲ್ಲಿ, ನೀವು ಪಕ್ಕದಲ್ಲಿ ಕೂತು. ಇನ್ನೂ ಚಿಕ್ಕವಳಾದರೆ ನೀವು ಮಾಡಿದ್ದೇ ಸರಿ. ಸೆರೆಮನೆಯಲ್ಲಿ ಮಾಯ್ ಮತ್ತು ಟೈ ಲೀ ಏನು ಮಾತಾಡಿಕೊಂಡಿರಬಹುದು ಎಂದು ಅವಳಿಂದಲೇ ಬರೆಸಿ ಕಳಿಸಿ ಮೇಷ್ಟ್ರೇ, ಮಕ್ಕಳ ಪುಟದಲ್ಲಿ ಹಾಕುತ್ತೇವೆ.

— ಸಂಪಾದಕ, ಹಾಸನ