ನೊರೆ ಬಿಳಿ ಅಂತ ಯಾರು ಹೇಳಿದರು?

ಪ್ರಶ್ನೆ: ಮೇಷ್ಟ್ರೇ, ನಾನು ಬಿ.ವಿ.ಎ. (ದೃಶ್ಯಕಲೆ ಪದವಿ) ಮೂರನೇ ವರ್ಷದ ವಿದ್ಯಾರ್ಥಿನಿ. ಬೆಳ್ಳಂದೂರು ಕೆರೆಯ ನೊರೆ ಮತ್ತು ಪೌರಕಾರ್ಮಿಕರ ಬದುಕು, ಇವೆರಡನ್ನೂ ಇಟ್ಟುಕೊಂಡು ಐದು ಅಕ್ರಿಲಿಕ್ ಚಿತ್ರ ಮಾಡಿದ್ದೇನೆ, ಫೋಟೊ ಕಳಿಸಿದ್ದೇನೆ. ನಮ್ಮ ಮೇಡಂ ನೋಡಿ, ‘ಇದು ಪೋಸ್ಟರ್, ಪೇಂಟಿಂಗ್ ಅಲ್ಲ’ ಅಂದುಬಿಟ್ಟರು. ಅಜ್ಜಿ, ‘ಇಂಥದ್ದನ್ನ ಯಾರೇ ಗೋಡೆಗೆ ಹಾಕ್ಕೋತಾರೆ’ ಅಂತಾರೆ. ನಮ್ಮ ರಸ್ತೆ ಗುಡಿಸುವ ಅಮ್ಮನ ಫೋಟೊ ತೆಗೆಯಲು ಹೋದಾಗ ಅವರು ಸೆರಗಿನಿಂದ ಮುಖ ಮುಚ್ಚಿಕೊಂಡರು. ಅದು ಇನ್ನೂ ಚುಚ್ಚುತ್ತಿದೆ. ಜ್ಯೂರಿಗೆ, ಅಂದರೆ ಕಾಲೇಜಿನಲ್ಲಿ ಚಿತ್ರಗಳ ಮೌಲ್ಯಮಾಪನಕ್ಕೆ, ಮೂರೇ ವಾರ. ಏನು ಮಾಡಲಿ?
– ಹೆಸರು ಬೇಡ, ವಿಲ್ಸನ್ ಗಾರ್ಡನ್, ಬೆಂಗಳೂರು

ಉತ್ತರ: ಏಕವಚನದಲ್ಲೇ ಬರೆಯುತ್ತೇನಮ್ಮ, ಮೂವತ್ತು ವರ್ಷ ಪಾಠ ಹೇಳಿದವನ ಚಾಳಿ.

ನಿನ್ನ ಮೇಡಂ ಮಾತಿನಲ್ಲಿ ಮುಕ್ಕಾಲು ಪಾಲು ನಿಜ. ನಾಲ್ಕನೇ ಚಿತ್ರದಲ್ಲಿ ಭೂತಾಯಿ ಅಳುತ್ತಿದ್ದಾಳೆ, ಹಿಂದೆ ಕಾರ್ಖಾನೆ ಚಿಮಣಿ, ನೊರೆಯೊಳಗೊಂದು ತಲೆಬುರುಡೆ. ಜೂನ್ 5, ಪರಿಸರ ದಿನ ಬಂತೆಂದರೆ ಯಾವ ಶಾಲೆಯ ಕಾಂಪೌಂಡ್ ಮೇಲೆ ನೋಡಿದರೂ ಇದೇ ಭೂತಾಯಿ ಅಳುತ್ತಿರುತ್ತಾಳೆ. ಅವಳಿಗೂ ಸಾಕಾಗಿರಬೇಕು. ಪೋಸ್ಟರ್ ಆಗಿದ್ದೇನೂ ತಪ್ಪಲ್ಲ. ಬೆಳ್ಳಂದೂರಿನ ಮುಖ ನೋಡದವರೂ ಈ ಚಿತ್ರ ಬಿಡಿಸಬಹುದಿತ್ತಲ್ಲ, ತಕರಾರು ಅಷ್ಟೇ.

ಟೈಟಾನಿಯಂ ವೈಟನ್ನು ಟ್ಯೂಬಿನಿಂದ ನೇರ ತೆಗೆದು ಬಳಿದಿದ್ದೀಯ. ನೊರೆ ಬಿಳಿ ಅಂತ ಯಾರು ಹೇಳಿದರು? 2015ರಲ್ಲಿ, ಆ ನೊರೆಗೇ ಬೆಂಕಿ ಹತ್ತಿದ ವರ್ಷ, ನಾನು ಸ್ಕೆಚ್ ಪುಸ್ತಕ ಹಿಡಿದು ಯಮಲೂರಿನ ಕೋಡಿ ಹತ್ತಿರ ನಿಂತಿದ್ದೆ. ದೂರದಿಂದ ಹತ್ತಿಯ ಹಾಗೆ ಕಂಡದ್ದು ಹತ್ತಿರ ಹೋದರೆ ಹಳೇ ಬನಿಯನ್ ಬಣ್ಣ. ಅಡಿಯಲ್ಲಿ ಬೂದು, ನೀರು ತಾಗುವ ಕಡೆ ಕಂದು ಗೆರೆ, ಬಿಸಿಲು ಬಿದ್ದ ಗುಳ್ಳೆಯ ಮೇಲೆ ಮಾತ್ರ ಒಂದು ಚೂರು ನೇರಳೆ. ಗಾಳಿಗೆ ಒಂದು ಮುದ್ದೆ ಹಾರಿ ಬಂದು ಸ್ಕೂಟರಿನವನ ಹೆಲ್ಮೆಟ್ ಮೇಲೆ ಕೂತಿತು. ಅವನು ಒರೆಸಿಕೊಳ್ಳಲೂ ಇಲ್ಲ, ಹಾಗೇ ಹೋದ. ನೀನು ತಲೆಬುರುಡೆ ಬಿಡಿಸಿದ್ದೀಯ, ನನಗೆ ಆ ಹೆಲ್ಮೆಟ್ಟೇ ಸಾಕಿತ್ತು.

ಇನ್ನು ಆ ಚಿಮಣಿ. ನೊರೆಗೆ ದೊಡ್ಡ ಕಾರಣ ಮನೆಮನೆಯ ಕೊಳಚೆ. ಸೋಪಿನ ಪುಡಿ ಕದಡಿದ ನೀರು ಶುದ್ಧವಾಗದೆ ಕೆರೆ ಸೇರಿ, ಕೋಡಿಯಲ್ಲಿ ಧುಮುಕುವಾಗ ಮಜ್ಜಿಗೆ ಕಡೆದ ಹಾಗಾಗುತ್ತದೆ. ನಿಮ್ಮ ವಿಲ್ಸನ್ ಗಾರ್ಡನ್ನಿನ ಇಳಿಜಾರೂ ಕೋರಮಂಗಲ–ಚಲ್ಲಘಟ್ಟ ಕಣಿವೆ ಹಿಡಿದು ಅತ್ತಲೇ. ಈಗ ಹೇಳು, ಐದು ಚಿತ್ರ ಮುಗಿಸುವಷ್ಟು ದಿನ ಬ್ರಷ್ ಎಲ್ಲಿ ತೊಳೆದೆ? ಅಕ್ರಿಲಿಕ್ ಅಂದರೆ ಪ್ಲಾಸ್ಟಿಕ್ಕೇ ತಾನೆ. ಕೆರೆಯ ಚಿತ್ರ ಬಿಡಿಸುತ್ತಾ ಅದರ ಬಣ್ಣವನ್ನು ಅದೇ ದಾರಿಯಲ್ಲಿ ಹರಿಯಬಿಟ್ಟೆವಲ್ಲ ಅಂತ ನನಗೆ ಹೊಳೆದದ್ದು ಐವತ್ತು ದಾಟಿದ ಮೇಲೆ. ಅಂದಿನಿಂದ ಬ್ರಷ್ಷನ್ನು ಮೊದಲು ಹಳೇ ಪೇಪರಿಗೆ ಚೆನ್ನಾಗಿ ಒರೆಸುತ್ತೇನೆ. ತೊಳೆದ ನೀರನ್ನು ಅಗಲವಾದ ಬೇಸಿನ್ನಿನಲ್ಲಿ ತಾರಸಿ ಮೇಲಿಟ್ಟು ಒಣಗಿಸುತ್ತೇನೆ. ಕೊನೆಗೆ ಉಳಿಯುವುದು ಹಪ್ಪಳದ ಹಾಗೆ ಕಿತ್ತು ಬರುವ ಒಂದು ಪದರ. ಅದು ಒಣ ಕಸಕ್ಕೆ. ನಿನ್ನ ಜ್ಯೂರಿಗೆ ಅಂಥ ಹತ್ತು ಹಪ್ಪಳ ಸಾಲಾಗಿ ಇಟ್ಟರೂ ನಾನಾದರೆ ನಿಂತು ನೋಡುತ್ತೇನೆ.

ಪೋಸ್ಟರ್ ಅಂದರೆ ಬೇಜಾರಾದರೆ ಬೀದಿಯಲ್ಲೇ ಕಲೆ ಮಾಡುವ ಬಾದಲ್ ನಂಜುಂಡಸ್ವಾಮಿಯವರನ್ನು ನೆನೆಸಿಕೋ. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಮೊಸಳೆಯ ಪ್ರತಿಮೆ ಕೂರಿಸಿದರು, ಗುಂಡಿ ಮುಚ್ಚಿತು. ಅದರಲ್ಲಿ ಅಳು ಇರಲಿಲ್ಲ, ತಮಾಷೆ ಇತ್ತು. ಗುಂಡಿಯಂತೂ ನಿಜವಾದದ್ದು.

ಅಜ್ಜಿ ಹೇಳಿದ್ದು ಪೂರ್ತಿ ಸರಿ, ಯಾರೂ ಹಾಕಿಕೊಳ್ಳುವುದಿಲ್ಲ. ಚಿತ್ರಸಂತೆಗೆ ಬೇರೆ ನಾಲ್ಕು ಮಾಡಿಕೋ, ಬಣ್ಣದ ಖರ್ಚು ಹುಟ್ಟುತ್ತದೆ.

ಸೆರಗಿನ ವಿಷಯ ಚುಚ್ಚುತ್ತಿದೆ ಅಂದೆಯಲ್ಲ, ಚುಚ್ಚಲಿ. ನಾನೂ ಒಮ್ಮೆ ರಸ್ತೆ ಗುಡಿಸುವ ಹೆಂಗಸಿನ ದೊಡ್ಡ ಚಿತ್ರ ಮಾಡಿ ಪ್ರದರ್ಶನಕ್ಕಿಟ್ಟಿದ್ದೆ. ಬಂದವರೆಲ್ಲ ಹೊಗಳಿದರು. ಮೂರನೇ ದಿನ ಆ ರಸ್ತೆಯ ಪೌರಕಾರ್ಮಿಕರೊಬ್ಬರು ಒಳಗೆ ಬಂದು, ಸ್ವಲ್ಪ ಹೊತ್ತು ನೋಡಿ, ‘ಸಾರ್, ಕೋಲಿನ ಪೊರಕೆನ ಹಿಂಗ್ ಹಿಡ್ದ್ರೆ ಮಧ್ಯಾಹ್ನದೊತ್ಗೆ ಸೊಂಟ ಬಿದ್ದೋಗ್ತದೆ’ ಅಂದರು. ನಾನು ಹಿಡಿಸಿದ್ದು ಮನೆ ಪೊರಕೆ ಹಿಡಿಯುವ ಹಾಗೆ. ಫೋಟೊ ನೋಡಿಯೂ ಅಲ್ಲ, ಊಹೆಯಿಂದ. ಅವರು ಗ್ಯಾಲರಿ ಮೂಲೆಯ ಕೋಲು ತೆಗೆದುಕೊಂಡು ತೋರಿಸಿದರು: ಮೇಲಿನ ಕೈ ಎದೆಮಟ್ಟ, ಕೆಳಗಿನ ಕೈ ಸಡಿಲ.

ನ್ಯೂಯಾರ್ಕಿನ ಕಲಾವಿದೆ ಮಿಯರ್ಲ್ ಲೇಡರ್ಮನ್ ಯೂಕಲೀಸ್ 1979–80ರಲ್ಲಿ ಆ ನಗರದ 8,500 ನೈರ್ಮಲ್ಯ ಕಾರ್ಮಿಕರ ಕೈಕುಲುಕಿ, ಒಬ್ಬೊಬ್ಬರಿಗೂ ಧನ್ಯವಾದ ಹೇಳಿದರು. ಕಲಾಕೃತಿ ಅಂದರೆ ಅಷ್ಟೇ, ಆ ಓಡಾಟ. ನಿನಗೆ ಎಂಟು ಸಾವಿರ ಬೇಡ, ನಿಮ್ಮ ರಸ್ತೆಯ ಆ ಒಬ್ಬರು ಸಾಕು. ಬೆಳಗ್ಗೆ ಹಾಜರಿಯ ಗಡಿಬಿಡಿಯಲ್ಲಿ ಬೇಡ, ಕೆಲಸ ಮುಗಿಸಿ ಟೀಗೆ ಕೂತಾಗ ಹೋಗು. ಮೊಬೈಲ್ ಮನೆಯಲ್ಲಿ ಬಿಡು. ಮೊದಲು ಕ್ಷಮೆ ಕೇಳು, ಆಮೇಲೆ ಹೆಸರು. ಮುಖ ಬೇಡ ಅಂದರೆ ಪೊರಕೆ ಬಿಡಿಸಲಾ ಅಂತ ಕೇಳು. ಕೋಲಿನ ಹಿಡಿಗೆ ಅವರು ಏನು ಸುತ್ತಿಕೊಂಡಿದ್ದಾರೆ, ಹಳೇ ಸೀರೆ ಚೂರೋ ಸೈಕಲ್ ಟ್ಯೂಬೋ, ನೋಡಿ ನನಗೂ ಬರೆ.