ನಾಲ್ಕು ಬಗೆಯ ಕ್ರಾಫ್ಟ್ ಬಿಯರ್ ಕುಡಿದರೂ ಎಲ್ಲವೂ ಕಹಿ ಅಷ್ಟೇ ಅನ್ನಿಸಿತು. ನನ್ನ ನಾಲಿಗೆ ಸರಿ ಇಲ್ಲವೇ?

ಬೆಂಗಳೂರಿನ ಬ್ರೂಪಬ್ (ತಾನೇ ಬಿಯರ್ ತಯಾರಿಸಿ ಕೊಡುವ ಪಬ್) ಒಂದರಲ್ಲಿ ನಾಲ್ಕು ಪುಟ್ಟ ಗ್ಲಾಸಿನ ಟ್ರೇ ತರಿಸಿದಿರಿ, ಬಣ್ಣ ಬೇರೆ ಬೇರೆ ಇದ್ದರೂ ನಾಲ್ಕೂ ಕಹಿ ಅನ್ನಿಸಿದವು, ಈಗ ಧಾರವಾಡದಲ್ಲಿ ಇದ್ದುಕೊಂಡೇ ಈ ರುಚಿಗಳನ್ನು ಬಿಡಿಸಿ ಹಿಡಿಯಲು ಕಲಿಯಬಹುದೇ ಎಂದು ಕೇಳಿದ್ದೀರಿ. ಖಂಡಿತ ಕಲಿಯಬಹುದು. ನಿಮ್ಮ ನಾಲಿಗೆಯೂ ಸರಿಯಾಗಿಯೇ ಇದೆ. ರೊಟ್ಟಿ ಜೊತೆ ತಿನ್ನುವ ಹಸಿ ಮೆಂತ್ಯೆಸೊಪ್ಪಿನ ಕಹಿ, ಸಕ್ಕರೆ ಹಾಕದ ಕಾಫಿ ಡಿಕಾಕ್ಷನ್ನಿನ ಕಹಿ, ಇವೆರಡನ್ನೂ ಕಣ್ಣು ಕಟ್ಟಿ ಬಾಯಿಗಿಟ್ಟರೂ ನೀವು ಯಾವುದು ಯಾವುದೆಂದು ಹೇಳಿಬಿಡುತ್ತೀರಿ. ಐಪಿಎಗೂ (ಇಂಡಿಯಾ ಪೇಲ್ ಏಲ್ ಎಂಬ ಕಹಿ ಬಿಯರ್) ಸ್ಟೌಟ್‌ಗೂ (ಕಪ್ಪು ಬಿಯರ್) ಇರುವ ಅಂತರ ಹೆಚ್ಚೂಕಡಿಮೆ ಅಷ್ಟೇ ದೊಡ್ಡದು. ಮೆಂತ್ಯೆಗೂ ಡಿಕಾಕ್ಷನ್ನಿಗೂ ನಿಮ್ಮ ಬಳಿ ಹೆಸರಿದೆ, ಬಿಯರಿನ ಕಹಿಗಳಿಗೆ ಇನ್ನೂ ಹೆಸರಿಲ್ಲ.

ನನಗೆ ಇದರ ಮೊದಲ ಪಾಠ ಆದದ್ದು ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ. ನಮ್ಮದು ಕಾಳಿನ ವ್ಯಾಪಾರದ ಮನೆ. ಗೋದಿ ಬಂದರೆ ಅಪ್ಪ ಚೀಲದೊಳಗೆ ಕೈ ತೂರಿಸಿ ತಳದಿಂದ ಒಂದು ಹಿಡಿ ತೆಗೆದು, ಅಂಗೈ ಮೇಲೆ ಹರವಿ, ಮೂಸಿ, ಎರಡು ಕಾಳು ಕಡಿದು ನೋಡುತ್ತಿದ್ದರು. ಆದರೆ ಒಂದೇ ಹಿಡಿ ನೋಡಿ ಎಂದೂ ಬೆಲೆ ಹೇಳಿದವರಲ್ಲ. ಇನ್ನೊಂದು ಚೀಲದ ಹಿಡಿ ಎಡಗೈಯಲ್ಲಿ ಇರಲೇಬೇಕು. "ಒಂದ ನೋಡಿದರ ಏನೂ ತಿಳಿಯಂಗಿಲ್ಲೋ, ಬಾಜೂಕ ಇನ್ನೊಂದ ಇಟ್ಕೊಂಡ ನೋಡು" ಎನ್ನುತ್ತಿದ್ದರು. ಅವರು ಬಿಯರ್ ಮುಟ್ಟಿದವರಲ್ಲ. ಆದರೂ ಬಿಯರ್ ರುಚಿ ನೋಡುವುದಕ್ಕೆ ನಾನು ಇವತ್ತಿಗೂ ಬಳಸುವುದು ಅದೇ ಪದ್ಧತಿ: ಎರಡು ಗ್ಲಾಸು, ಅಕ್ಕಪಕ್ಕ, ಮೊದಲು ಮೂಗು, ಆಮೇಲೆ ಬಾಯಿ.

ನಿಮ್ಮ ಟ್ರೇಯಲ್ಲಿ ಏನಾಗಿರಬಹುದೆಂದು ಊಹಿಸಬಲ್ಲೆ. ಬಹುಶಃ ಐಪಿಎಯನ್ನು ಮೊದಲೇ ಕುಡಿದಿರಿ. ಅದಕ್ಕೆ ಹಾಕುವ ಹಾಪ್ಸ್ ಹೂವಿನ ಕಹಿ ನಾಲಿಗೆಯ ಮೇಲೆ ಹಾಸಿಕೊಂಡು ಕೂತುಬಿಡುತ್ತದೆ, ನಂತರ ಬಂದದ್ದೆಲ್ಲ ಅದರ ನೆರಳಿನಲ್ಲೇ. ಕಹಿಯನ್ನು ಅಳೆಯಲು ಐಬಿಯು ಎಂಬ ಮಾನವೊಂದಿದೆ. ಜರ್ಮನ್ ಗೋದಿ ಬಿಯರ್ ಅದರಲ್ಲಿ 8ರಿಂದ 15ರ ಒಳಗೆ ಬರುತ್ತದೆ. ಐರಿಶ್ ಡ್ರೈ ಸ್ಟೌಟ್ 25ರಿಂದ 45, ಅಮೆರಿಕನ್ ಐಪಿಎ 40ರಿಂದ 70. ಎಪ್ಪತ್ತನ್ನು ಮುಗಿಸಿ ಹತ್ತಕ್ಕೆ ಬಂದರೆ ಆ ಹತ್ತು ಎಲ್ಲಿ ಗೊತ್ತಾಗಬೇಕು? ಕಡಿಮೆಯಿಂದ ಹೆಚ್ಚಿಗೆ ಹೋಗಿ. ನಡುನಡುವೆ ನೀರು, ಜೊತೆಗೆ ಉಪ್ಪು ಖಾರ ಏನೂ ಹಚ್ಚದ ಬರೀ ಚುರಮರಿ. ಹೊರಗಿನವರು ಇದಕ್ಕೆ ಬ್ರೆಡ್ಡು ಬಳಸುತ್ತಾರೆ, ನಮ್ಮ ಚುರಮರಿ ಅದಕ್ಕಿಂತ ಚೊಕ್ಕಾಗಿ ಬಾಯಿ ಒರೆಸುತ್ತದೆ ಎಂಬುದು ನನ್ನ ಅನುಭವ. ಗಿರಮಿಟ್ಟು, ಮಿರ್ಚಿ ಎಲ್ಲ ಆಮೇಲೆ.

ಬಿಯರ್ ಒಳಗಿನ ರುಚಿ ಬರುವುದು ನಾಲ್ಕು ಕಡೆಯಿಂದ: ಮಾಲ್ಟ್, ಹಾಪ್ಸ್, ಯೀಸ್ಟ್, ನೀರು. ಮಾಲ್ಟ್ ಅಂದರೆ ಹೊಸದೇನಲ್ಲ. ಕೂಸಿಗೆ ಉಣಿಸಲು ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುತ್ತಾರಲ್ಲ, ಅದೇ ಕೆಲಸವನ್ನು ಬಾರ್ಲಿಗೆ ಮಾಡುತ್ತಾರೆ. ಮೊಳಕೆಯೊಡೆದಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ, ಆ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯವನ್ನೂ ಗುಳ್ಳೆಯನ್ನೂ ಕೊಡುತ್ತದೆ. ಮಳೆಗೆ ಸಿಕ್ಕಿ ಮೊಳಕೆ ಬಂದ ಚೀಲ ನಮ್ಮ ಅಂಗಡಿಯಲ್ಲಿ ನಷ್ಟದ ಲೆಕ್ಕಕ್ಕೆ ಹೋಗುತ್ತಿತ್ತು. ಅದೇ ಮೊಳಕೆ ಬಿಯರಿನ ಬಂಡವಾಳ ಎಂದು ತಿಳಿದ ದಿನ ನನಗೆ ಆದ ಸಂತೋಷ ಇನ್ನೂ ನೆನಪಿದೆ.

ಆ ಮಾಲ್ಟನ್ನು ಎಷ್ಟು ಹುರಿಯುತ್ತಾರೆ ಎಂಬುದರ ಮೇಲೆ ಬಣ್ಣ ನಿಂತಿದೆ. ಹದವಾಗಿ ಒಣಗಿಸಿದರೆ ಒಣಹುಲ್ಲಿನ ಬಣ್ಣ, ಬಿಸ್ಕತ್ತಿನ ವಾಸನೆ. ಇನ್ನಷ್ಟು ಕಾಯಿಸಿದರೆ ಕಾಕಂಬಿ. ಕಪ್ಪಗೆ ಹುರಿದರೆ ಸ್ಟೌಟ್. ಆ ಕಪ್ಪಿನಲ್ಲಿ ಕಾಫಿ ಸಿಗುತ್ತದೆ, ಕೋಕೋ ಸಿಗುತ್ತದೆ, ಇನ್ನೂ ಹತ್ತಿರದ್ದು ಬೇಕಾದರೆ ಕೆಂಡದ ಮೇಲೆ ಉಬ್ಬಿದ ಜೋಳದ ರೊಟ್ಟಿಯ ಮೇಲಿನ ಕರಿ ಚುಕ್ಕೆ. ಕಪ್ಪಗಿದ್ದರೆ ಮದ್ಯ ಹೆಚ್ಚು ಎಂದು ಬಹಳ ಜನ ನಂಬಿದ್ದಾರೆ. ಆದರೆ ಡಬ್ಲಿನ್ನಿನ ಕಪ್ಪು ಸ್ಟೌಟ್ ಆದ ಗಿನ್ನೆಸ್ ಡ್ರಾಫ್ಟ್‌ನಲ್ಲಿ ಮದ್ಯದ ಅಂಶ ಶೇ 4.2ರ ಹತ್ತಿರ. ನಮ್ಮ ಅಂಗಡಿಗಳ ಹಳದಿ ಸ್ಟ್ರಾಂಗ್ ಬಿಯರಿನಲ್ಲಿ ಶೇ 7ರ ಆಸುಪಾಸು.

ಇನ್ನು ಕಲಿಯುವ ದಾರಿಗೆ ಬರೋಣ. ಮೊದಲ ಜೋಡಿ: ಒಂದು ಸಾದಾ ಲಾಗರ್, ಒಂದು ಗೋದಿ ಬಿಯರ್. ಈ ಜೋಡಿಯಲ್ಲಿ ಕಹಿ ಅಡ್ಡ ಬರುವುದಿಲ್ಲ, ಎರಡರಲ್ಲೂ ಅದು ಕಡಿಮೆ. ಹಾಗಾಗಿ ಯೀಸ್ಟಿನ ಕೈಚಳಕ ನೇರವಾಗಿ ಕಾಣುತ್ತದೆ. ಲಾಗರ್ ಎಂಬ ಮಾತಿಗೆ ಜರ್ಮನ್ ಭಾಷೆಯಲ್ಲಿ ಗೋದಾಮು, ದಾಸ್ತಾನು ಎಂಬ ಅರ್ಥವಿದೆ. ಅದರ ಯೀಸ್ಟ್ 8ರಿಂದ 13 ಡಿಗ್ರಿ ತಂಪಿನಲ್ಲಿ ನಿಧಾನ ಹುದುಗಿ, ಆಮೇಲೆ ವಾರಗಟ್ಟಲೆ ಇನ್ನೂ ಚಳಿಯಲ್ಲಿ ಕೂತು ತಿಳಿಯಾಗುತ್ತದೆ. ಯೀಸ್ಟ್ ತನ್ನ ವಾಸನೆಯನ್ನು ಹೆಚ್ಚು ಬಿಡದೆ ಕಾಳಿನ ರುಚಿಗೆ ಜಾಗ ಕೊಡುತ್ತದೆ. ಗೋದಿ ಬಿಯರ್ ಸೇರಿದ ಏಲ್ ಗುಂಪಿನ ಯೀಸ್ಟ್‌ಗೆ ಬೆಚ್ಚಗೆ ಬೇಕು, 20 ಡಿಗ್ರಿಯ ಆಸುಪಾಸು. ಆ ಬೆಚ್ಚಗಿನಲ್ಲಿ ಅದು ಹಣ್ಣಿನ ವಾಸನೆಯ ಎಸ್ಟರ್‌ಗಳನ್ನು ಹೊರಬಿಡುತ್ತದೆ.

ಜರ್ಮನಿಯ ಬವೇರಿಯಾದ ಗೋದಿ ಬಿಯರ್ ಹೆಫೆವೈಝೆನ್ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ. ಗ್ಲಾಸು ಮೂಗಿನ ಹತ್ತಿರ ತಂದರೆ ಬಾಳೆಹಣ್ಣು, ಅದರ ಹಿಂದೆಯೇ ಲವಂಗ. ನಮ್ಮ ನವನಗರದ ಮನೆಯಲ್ಲಿ ಮೊದಲ ಸಲ ಇದನ್ನು ಮೂಸಿದ ಗೆಳೆಯ "ಇದರಾಗ ಬಾಳಿಹಣ್ಣ ಹಾಕ್ಯಾರೇನಲೇ?" ಎಂದು ಕೇಳಿದ. ಹಾಕಿಲ್ಲ. ಬಾಳೆಹಣ್ಣಿಗೆ ಆ ವಾಸನೆ ಕೊಡುವ ಐಸೋಅಮೈಲ್ ಅಸಿಟೇಟನ್ನು ಈ ಯೀಸ್ಟ್ ತಾನೇ ತಯಾರಿಸುತ್ತದೆ. ಲವಂಗದ ಘಮಲೂ ಯೀಸ್ಟಿನದೇ. ಬೆಲ್ಜಿಯಂ ಕಡೆಯ ಗೋದಿ ಬಿಯರ್ ಬೇರೆ ಜಾತಿ. ಅದಕ್ಕೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆಯನ್ನು ನಿಜವಾಗಿಯೂ ಹಾಕುತ್ತಾರೆ. ಹ್ಯೂಗಾರ್ಡನ್ ಅದೇ ಶೈಲಿ. ಸಿಕ್ಕರೆ ಒಂದು ಚಮಚ ಧನಿಯಾ ಜಜ್ಜಿ ಬಟ್ಟಲಲ್ಲಿ ಪಕ್ಕಕ್ಕಿಟ್ಟುಕೊಳ್ಳಿ. ಬಟ್ಟಲು ಮೂಸಿ, ಗ್ಲಾಸು ಮೂಸಿ, ಮತ್ತೆ ಬಟ್ಟಲು. ಎರಡು ನಿಮಿಷದಲ್ಲಿ ಮೂಗು ಅದನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಮರೆಯುವುದಿಲ್ಲ. ಲವಂಗಕ್ಕೂ ಬಾಳೆಹಣ್ಣಿಗೂ ಹೀಗೆಯೇ ಮಾಡಿ. ಮಸಾಲೆ ಡಬ್ಬಿ ಎದುರಿಗಿದ್ದರೆ ಸಾಕು, ಬೇರೆ ಕೋರ್ಸು ಬೇಕಿಲ್ಲ.

ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ರುಚಿ ಅಂತ ನಾವು ಕರೆಯುವುದರ ಬಹುಪಾಲು ಆ ಉಸಿರಿನಲ್ಲೇ ಇರುತ್ತದೆ. ನೆಗಡಿಯಾದಾಗ ಊಟ ಸಪ್ಪೆಯಾಗುವುದು ಇದೇ ಕಾರಣಕ್ಕೆ.

ಎರಡನೆಯ ಜೋಡಿಯಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಇದೆ: ಐಪಿಎ ಮತ್ತು ಸ್ಟೌಟ್. ಎರಡೂ ಕಹಿ, ಆದರೆ ಕಹಿಯ ಮೂಲ ಬೇರೆ. ಸ್ಟೌಟ್ ಕಹಿಯಲ್ಲಿ ಹುರಿದ ಕಾಳಿನ ಪಾಲು ದೊಡ್ಡದು, ಒಣಕಲು, ಡಿಕಾಕ್ಷನ್ ಥರ. ಐಪಿಎ ಕಹಿ ಹಾಪ್ಸ್ ಎಂಬ ಬಳ್ಳಿಯ ಹೂವಿನದು. ಹಸಿರು ಕಹಿ, ಮೆಂತ್ಯೆಸೊಪ್ಪಿನ ಕಡೆಯದು. ಹೂವನ್ನು ಕುದಿಯುವಾಗ ಹಾಕಿದರೆ ಅದರ ಕಹಿ ಬಿಯರಿಗೆ ಇಳಿಯುತ್ತದೆ, ಕೊನೆಗೆ ಅಥವಾ ಹುದುಗುವಾಗ ತಣ್ಣಗೆ ಹಾಕಿದರೆ ಕಹಿಗಿಂತ ಹೆಚ್ಚಾಗಿ ಪರಿಮಳ ಬರುತ್ತದೆ. ಕಿತ್ತಳೆ, ಮಾವು, ದೇವದಾರಿನ ಅಂಟು, ಹೀಗೆ ಒಂದೊಂದು ತಳಿಗೂ ಒಂದೊಂದು. ಒಗ್ಗರಣೆಯನ್ನು ಮೊದಲೇ ಹಾಕಿ ಕುದಿಸುವುದಕ್ಕೂ ಕೊನೆಗೆ ಮೇಲೆ ಹಾಕಿ ಮುಚ್ಚುವುದಕ್ಕೂ ಇರುವ ವ್ಯತ್ಯಾಸವನ್ನು ನೆನೆಸಿಕೊಳ್ಳಿ.

ಐಪಿಎ ಬಗ್ಗೆ ನನ್ನಲ್ಲೊಂದು ಬೇಸರವಿತ್ತು. ಕೆಲವು ವರ್ಷಗಳ ಹಿಂದೆ ಏಪ್ರಿಲ್‌ನಲ್ಲಿ ಇಲ್ಲಿನ ಒಂದು ಅಂಗಡಿಯಿಂದ ಐಪಿಎ ಬಾಟಲಿ ತಂದೆ. ಗಾಜಿನ ಮುಂಗಟ್ಟಿನಲ್ಲಿ, ಬಿಸಿಲು ಬೀಳುವ ಕಡೆ ಇಟ್ಟಿದ್ದರು. ಹಣ್ಣಿನ ವಾಸನೆ ಸುಳಿವೇ ಇರಲಿಲ್ಲ. ನೆನೆದ ರಟ್ಟಿನ ವಾಸನೆ, ಜೊತೆಗೆ ಯಾವುದೋ ಪ್ರಾಣಿಯ ನಾತ. ಐಪಿಎ ಅಂದರೆ ಇಷ್ಟೇ ಎಂದುಕೊಂಡು ವರ್ಷವಿಡೀ ಅದರ ಕಡೆ ತಿರುಗಿ ನೋಡಲಿಲ್ಲ. ಬೆಂಗಳೂರಿನ ಇಂದಿರಾನಗರದ ಟಾಯ್ಟ್ ಎಂಬ ಬ್ರೂಪಬ್‌ನಲ್ಲಿ ಟ್ಯಾಂಕಿನಿಂದ ಇಳಿದ ತಾಜಾ ಐಪಿಎ ಕುಡಿದ ದಿನ ಗೊತ್ತಾಯಿತು, ನಾನು ದೂರ ಇಟ್ಟದ್ದು ಐಪಿಎಯನ್ನಲ್ಲ, ಕೆಟ್ಟುಹೋದ ಒಂದು ಬಾಟಲಿಯನ್ನು. ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು ಸ್ಕಂಕ್ ಪ್ರಾಣಿಯ ನಾತಕ್ಕೆ ಹತ್ತಿರದ ಗಂಧಕದ ಸಂಯುಕ್ತವಾಗುತ್ತದೆ. ಕಂದು ಬಾಟಲಿ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಅಷ್ಟು ತಡೆಯುವುದಿಲ್ಲ, ಕ್ಯಾನ್ ಪೂರ್ತಿ ತಡೆಯುತ್ತದೆ. ರಟ್ಟಿನ ವಾಸನೆ ಆಮ್ಲಜನಕದ್ದು, ಸೆಕೆಯಲ್ಲಿ ಅದು ಬೇಗ ಬರುತ್ತದೆ. ನಮ್ಮ ಬೇಸಿಗೆಯಲ್ಲಿ ಇದನ್ನು ಮರೆಯಲೇಬಾರದು. ಕೊಳ್ಳುವಾಗ ಫ್ರಿಜ್ಜಿನೊಳಗಿನದನ್ನೇ ಕೇಳಿ, ತಯಾರಿಸಿದ ತಿಂಗಳು ನೋಡಿ, ಐಪಿಎ ಆದರೆ ಎರಡು ಮೂರು ತಿಂಗಳಿಗಿಂತ ಹಳೆಯದನ್ನು ಮುಟ್ಟಬೇಡಿ.

ಆದರೆ ಫ್ರಿಜ್ಜಿನಿಂದ ತೆಗೆದು ಹಾಗೇ ಕುಡಿಯಬೇಡಿ. ಹಲ್ಲು ಜುಮ್ಮೆನ್ನುವ ತಂಪಿನಲ್ಲಿ ವಾಸನೆ ಏಳುವುದಿಲ್ಲ, ಉಳಿಯುವುದು ಕಹಿ ಮಾತ್ರ. ನಿಮ್ಮ ಟ್ರೇಯಲ್ಲಿ ಇದೂ ಆಗಿರಬಹುದು. ಲಾಗರ್ 5-6 ಡಿಗ್ರಿಯಲ್ಲಿ ಚೆನ್ನ, ಸ್ಟೌಟ್ 10 ದಾಟಿದ ಮೇಲೆ ಬಾಯಿ ಬಿಡುತ್ತದೆ. ಗ್ಲಾಸಿನಲ್ಲಿ ಎಣ್ಣೆ ಜಿಡ್ಡು ಇದ್ದರೆ ನೊರೆ ನಿಲ್ಲುವುದಿಲ್ಲ, ಅಷ್ಟು ನೋಡಿಕೊಂಡರೆ ಸಾಕು. ವಿಶೇಷ ಗ್ಲಾಸು ಬೇಕಿಲ್ಲ.

ನಿಜವಾಗಿ ಕಲಿತಿದ್ದೇನೋ ಇಲ್ಲವೋ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಡೆನ್ಮಾರ್ಕ್‌ನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿ 1940ರ ದಶಕದಲ್ಲಿ ರೂಪಿಸಿದ್ದು, ತ್ರಿಕೋನ ಪರೀಕ್ಷೆ ಎನ್ನುತ್ತಾರೆ. ಮೂರು ಲೋಟ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಬೇರೆ ಯಾವುದೆಂದು ಹೇಳಬೇಕು. ಬಣ್ಣ ಸುಳಿವು ಕೊಡದಂತೆ ನಾವು ಸ್ಟೀಲ್ ಲೋಟ ಬಳಸುತ್ತೇವೆ, ಸುರಿಯುವವರು ಅಡುಗೆಮನೆಯಲ್ಲಿ ಸುರಿದು ತರುತ್ತಾರೆ. ಕಣ್ಣು ಮುಚ್ಚಿ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿ ಬರುತ್ತದೆ. ಬಾಳೆಹಣ್ಣಿನ ಪ್ರಶ್ನೆ ಕೇಳಿದ ಗೆಳೆಯ ಎರಡು ಕಂಪನಿಗಳ ಲಾಗರ್ ಇಟ್ಟಾಗ ಮೊದಲ ದಿನ ಆರರಲ್ಲಿ ಎರಡು ಹೇಳಿದ, ಅಂದರೆ ಬರೀ ಊಹೆ. ಎರಡು ತಿಂಗಳ ನಂತರ ಅದೇ ಜೋಡಿಗೆ ಆರರಲ್ಲಿ ಐದು. ಅವನ ನಾಲಿಗೆ ಬದಲಾಗಿರಲಿಲ್ಲ. ಒಂದರ ಕೊನೆಯಲ್ಲಿ ಬೇಯಿಸಿದ ಗೋವಿನಜೋಳದ ವಾಸನೆ ಬರುತ್ತದೆ ಎಂದು ಅವನೇ ಹೆಸರಿಟ್ಟುಕೊಂಡಿದ್ದ.

ಊಟದ ವಿಷಯಕ್ಕೆ ಬಂದರೆ, ಹುಬ್ಬಳ್ಳಿಯಲ್ಲಿದ್ದು ಸಾವಜಿ ಊಟದ ಮಾತು ಎತ್ತದಿರಲು ಆಗುವುದಿಲ್ಲ. ಖೀಮಾ ಉಂಡಿ, ಮಟನ್ ಜೊತೆ ಐಪಿಎ ಇಡಬೇಡಿ. ಹಾಪ್ಸ್ ಕಹಿಯೂ ಮದ್ಯವೂ ಖಾರವನ್ನು ಇನ್ನಷ್ಟು ಕೆರಳಿಸುತ್ತವೆ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಶೇ 5ರ ಬಿಯರ್ ಬಹುಪಾಲು ನೀರೇ. ಅದಕ್ಕೇ ಬಾಯಿ ಉರಿದಾಗ ಕೈ ಮೊಸರಿಗೆ ಹೋಗಬೇಕು. ಕಹಿ ಕಡಿಮೆ ಇರುವ, ಕಾಳಿನ ಸಿಹಿ ಇರುವ ಗೋದಿ ಬಿಯರ್ ಸಾವಜಿಗೆ ಹೊಂದುತ್ತದೆ. ಸ್ಟೌಟನ್ನು ನಾನು ಊಟವಾದ ಮೇಲೆ ಧಾರವಾಡ ಪೇಢೆ ಜೊತೆ ಕುಡಿಯುತ್ತೇನೆ. ಪೇಢೆಯಲ್ಲಿ ಖೋವಾ ಕೆಂಪಾಗುವ ತನಕ ಹುರಿದ ವಾಸನೆ ಇರುತ್ತದಲ್ಲ, ಸ್ಟೌಟ್‌ನ ಹುರಿದ ಬಾರ್ಲಿ ಅದರ ಪಕ್ಕದಲ್ಲಿ ನಿಂತಾಗ ಎರಡೂ ಇನ್ನಷ್ಟು ಆಳವಾಗುತ್ತವೆ. ನಾನು ಕಂಡ ಜೋಡಿಗಳಲ್ಲಿ ಇದಕ್ಕಿಂತ ಚೆಂದದ್ದು ಇಲ್ಲ.

ಹುಳಿ ಬಿಯರುಗಳನ್ನು ಸದ್ಯಕ್ಕೆ ಬಿಡಿ. ಮುಂದೆಂದಾದರೂ ಗೋಸೆ ಎಂಬ ಜರ್ಮನ್ ಶೈಲಿ ಸಿಕ್ಕರೆ ಹೆದರಬೇಡಿ. ಉಪ್ಪು, ಕೊತ್ತಂಬರಿ ಬೀಜ, ಲ್ಯಾಕ್ಟಿಕ್ ಹುಳಿ. ಬೇಸಿಗೆಯ ಮಜ್ಜಿಗೆ ಗೊತ್ತಿರುವ ನಮ್ಮವರಿಗೆ ಅದು ಬೇಗ ಒಗ್ಗುತ್ತದೆ.

ಒಂದು ಸಂಜೆಗೆ ಒಂದೇ ಜೋಡಿ, ತಲಾ 100 ಮಿಲಿ ಸಾಕು. ಅದಕ್ಕಿಂತ ಹೆಚ್ಚಾದರೆ ಮೂಗು ದಣಿಯುತ್ತದೆ, ಮದ್ಯ ತಲೆಗೇರಿದ ಮೇಲೆ ಎಲ್ಲವೂ ಚೆನ್ನಾಗಿಯೇ ಅನ್ನಿಸುತ್ತದೆ. ಬಾಟಲಿ ಹಂಚಿಕೊಳ್ಳಲು ಇಬ್ಬರು ಮೂವರು ಜೊತೆಗಿರಲಿ. ಹುಬ್ಬಳ್ಳಿಯಲ್ಲಿ ಸೇರುವುದಾದರೆ ಗಾಡಿ ಮನೆಯಲ್ಲೇ ಬಿಟ್ಟು ಬನ್ನಿ, ಧಾರವಾಡಕ್ಕೆ ಮರಳಲು ಚಿಗರಿ ಬಸ್ಸಿದೆ. ಜೊತೆಗೊಂದು ಸಣ್ಣ ನೋಟುಬುಕ್ಕು ಇರಲಿ, ಅದರಲ್ಲಿ ನಿಮ್ಮದೇ ಮಾತಿನಲ್ಲಿ ಬರೆಯಿರಿ. ನನ್ನದರ ಮೊದಲ ಪುಟದಲ್ಲಿ ಸ್ಟೌಟ್ ಎದುರಿಗೆ "ಅವ್ವನ ರೊಟ್ಟಿ, ತಳದ ಕಡೆ" ಎಂದಿದೆ.