ಬಣ್ಣದ ಮಾತು ಮೊದಲು ಎತ್ತಿದವರು ಯಾರು?

ನ್ಯೂಜೆರ್ಸಿಯಿಂದ ಪತ್ರ ಬರೆದಿದ್ದೀರಿ. ಅಮೆರಿಕದ ಕಪ್ಪು ಜನರ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಹಿಡಿಸಿಲ್ಲ. "ನಾನು ಎರಡು ಸೂಟ್‌ಕೇಸ್ ಹಿಡಿದು ಬಂದವನು, ದುಡಿದು ಮೇಲೆ ಬಂದೆ. ಇವರು ಮಾತೆತ್ತಿದರೆ ಬಣ್ಣ ಅಂತಾರೆ, ಸುಮ್ನೆ ಕೆಲಸ ನೋಡಬಾರದೇ?" ಅಂತ ಕೇಳಿದ್ದೀರಿ.

ನೀವು ಕಷ್ಟಪಟ್ಟಿದ್ದೀರಿ, ಒಪ್ಪಿದೆ. ಆದರೆ ಬಣ್ಣದ ಮಾತು ಎತ್ತಿದವರು ಅವರಲ್ಲ ಸ್ವಾಮಿ, ಅವರಿಗೆ ಕೆಲಸ ಕೊಟ್ಟವರು.

ಅಮೆರಿಕದ ಪುಲ್‌ಮನ್ ಕಂಪನಿಯ ಮಲಗುವ ರೈಲು ಬೋಗಿಗಳಲ್ಲಿ ಹಾಸಿಗೆ ಹಾಸಿ, ಪ್ರಯಾಣಿಕರ ಬೂಟು ಒರೆಸುತ್ತಿದ್ದವರು ಕಪ್ಪು ಪೋರ್ಟರುಗಳು. ಅವರನ್ನೆಲ್ಲ 'ಜಾರ್ಜ್' ಅಂತಲೇ ಕೂಗುತ್ತಿದ್ದರು. ಅದು ಮಾಲೀಕ ಜಾರ್ಜ್ ಪುಲ್‌ಮನ್‌ನ ಹೆಸರು, ಗುಲಾಮರನ್ನು ಯಜಮಾನನ ಹೆಸರಿನಿಂದ ಕರೆಯುವ ಹಳೇ ಚಾಳಿ. ಕಪ್ಪು ಕಾರ್ಮಿಕ ನಾಯಕ ಎ. ಫಿಲಿಪ್ ರಾಂಡಾಲ್ಫ್ ಅವರ ಮುಂದಾಳತ್ವದಲ್ಲಿ ಈ ಪೋರ್ಟರುಗಳು 1925ರಲ್ಲಿ ಸಂಘ ಕಟ್ಟಿದರು, ಕಂಪನಿ ಒಪ್ಪಂದಕ್ಕೆ ಬಂದಿದ್ದು 1937ರಲ್ಲಿ!

ಇನ್ನೊಂದು ನೋಡಿ. ಉತ್ತರ ಕೆರೊಲಿನಾದ ಡ್ಯೂಕ್ ಪವರ್ ಕಂಪನಿಯ ವಿದ್ಯುತ್ ಸ್ಥಾವರದಲ್ಲಿ ಕಪ್ಪು ಜನರಿಗೆ ಸಿಗುತ್ತಿದ್ದದ್ದು ಕೂಲಿ ವಿಭಾಗ ಒಂದೇ. ಅಲ್ಲಿನ ಅತಿ ಹೆಚ್ಚಿನ ಸಂಬಳ ಬೇರೆ ವಿಭಾಗಗಳ ಅತಿ ಕಡಿಮೆ ಸಂಬಳಕ್ಕಿಂತ ಕಡಿಮೆ. ಕೆಲಸದಲ್ಲಿ ಬಣ್ಣ ನೋಡಬಾರದು ಎಂಬ ಕಾನೂನು 1965ರ ಜುಲೈ 2ರಂದು ಜಾರಿಗೆ ಬಂತು. ಅದೇ ದಿನ ಕಂಪನಿ ಒಳ್ಳೆಯ ವಿಭಾಗಗಳಿಗೆ ಸೇರಲು ಹೈಸ್ಕೂಲು ಓದಿನ ಜೊತೆ ಹೊಸ ಪರೀಕ್ಷೆಗಳನ್ನೂ ತಂದಿತು. ಮೊದಲೇ ಸೇರಿದ್ದ, ಹೈಸ್ಕೂಲು ಮುಗಿಸದ ಬಿಳಿಯರು ಮಾತ್ರ ಒಳ್ಳೆಯ ವಿಭಾಗಗಳಲ್ಲಿ ಆರಾಮಾಗಿ ಕೆಲಸ ಮಾಡಿಕೊಂಡೇ ಇದ್ದರು. ಕೊನೆಗೆ 1971ರಲ್ಲಿ ಸುಪ್ರೀಂ ಕೋರ್ಟ್, ಕೆಲಸಕ್ಕೆ ಸಂಬಂಧವಿಲ್ಲದ ಇಂಥ ಪರೀಕ್ಷೆ ಕಾನೂನಿಗೆ ವಿರುದ್ಧ ಅಂತ ಒಮ್ಮತದಿಂದ ಹೇಳಿತು.

ಹಳೇ ಕಥೆ ಅನ್ನಬೇಡಿ. ಬಾಸ್ಟನ್ ಮತ್ತು ಶಿಕಾಗೊ ಕಂಪನಿಗಳಿಗೆ ಇಬ್ಬರು ಅರ್ಥಶಾಸ್ತ್ರಜ್ಞರು ಸುಮಾರು 5,000 ಅರ್ಜಿ ಕಳಿಸಿದರು. ಅವರಲ್ಲಿ ಒಬ್ಬರು, ಸೆಂಧಿಲ್ ಮುಲ್ಲೈನಾಥನ್, ಭಾರತದಲ್ಲೇ ಹುಟ್ಟಿದವರು. ಒಂದೇ ತರದ ಓದು, ಅನುಭವ, ಹೆಸರು ಮಾತ್ರ ಬೇರೆ. ಎಮಿಲಿ, ಗ್ರೆಗ್ ಎಂಬ ಬಿಳಿಯರ ಹೆಸರಿದ್ದರೆ ಹತ್ತು ಅರ್ಜಿಗೆ ಒಂದು ಕರೆ ಬರುತ್ತಿತ್ತು. ಲಕಿಶಾ, ಜಮಾಲ್ ಎಂಬ ಕಪ್ಪು ಜನರ ಹೆಸರಿದ್ದರೆ ಹದಿನೈದಕ್ಕೆ ಒಂದು. 2004ರಲ್ಲಿ ಪ್ರಕಟವಾದ ಫಲಿತಾಂಶ ಇದು. ಆ ಲಕಿಶಾ ಬಾಯಿ ಬಿಟ್ಟು ಬಣ್ಣದ ಮಾತೇ ಆಡಿಲ್ಲ, ಬರೀ ಹೆಸರು ಬರೆದಿದ್ದಾಳೆ ಅಷ್ಟೇ.

ಇನ್ನು ನಿಮ್ಮ ಸೂಟ್‌ಕೇಸ್ ವಿಷಯ. 1946ರ ಕಾನೂನಿನ ಪ್ರಕಾರ ಅಮೆರಿಕಕ್ಕೆ ನೆಲೆಸಲು ಹೋಗಬಹುದಾಗಿದ್ದ ಭಾರತೀಯರು ವರ್ಷಕ್ಕೆ ಬರೀ 100 ಜನ. ಆ ಕೋಟಾ ಹೋಗಿದ್ದು 1965ರ ವಲಸೆ ಕಾನೂನಿನಿಂದ. ಕಪ್ಪು ಜನ ಪೊಲೀಸರ ಲಾಠಿ, ನಾಯಿಗಳ ಕಡಿತ ತಿಂದು ನಡೆಸಿದ ಹೋರಾಟ ದೇಶದ ಮನಸ್ಸನ್ನು ಅಲುಗಾಡಿಸದೆ ಇದ್ದಿದ್ದರೆ ಆ ಕಾನೂನು ಬರುತ್ತಿತ್ತಾ? ನೀವು ವೀಸಾ ತಗೊಂಡು ಒಳಗೆ ಹೋದ ಬಾಗಿಲು ಅದು, ಅದನ್ನು ತೆಗೆಸಿದವರನ್ನೇ ಸೋಮಾರಿಗಳು ಅನ್ನೋದು ನ್ಯಾಯ ಅಲ್ಲ.

ನಮ್ಮವರ ಮೇಲೆ ನನಗಿರುವ ಸಿಟ್ಟೂ ಇದೇ. ಬಾಡಿಗೆ ಮನೆ ಕೇಳಲು ಹೋದವರಿಗೆ "ನೀವು ಯಾವ ಕಡೆಯವರು?" ಅಂತ ಕೇಳಿ, ಉತ್ತರ ಸರಿಬರದಿದ್ದರೆ ಮನೆ ಆಗಲೇ ಹೋಗಿದೆ ಅನ್ನುವವರು ನಾವು. ಸಂಶೋಧಕರಾದ ಸುಖದೇವ್ ಥೋರಾಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಇಲ್ಲಿನ ಖಾಸಗಿ ಕಂಪನಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲೂ ಹಾಗೇ ಆಯಿತು. ಓದು ಒಂದೇ ಇದ್ದರೂ ದಲಿತ ಹೆಸರಿನ ಅರ್ಜಿಗೆ ಕರೆ ಕಡಿಮೆ. ಇಲ್ಲಿಂದ ಆ ಬುದ್ಧಿಯನ್ನೂ ಸೂಟ್‌ಕೇಸಲ್ಲಿ ಹಾಕ್ಕೊಂಡು ಹೋಗಿ, ಅಲ್ಲಿ ಕೂತು ಉಪದೇಶ ಮಾಡ್ತೀವಿ.

ಕಂಪನಿಯಲ್ಲಿ ಜನರನ್ನು ಆರಿಸುವುದು ನೀವೇ ಅಂತ ಪತ್ರದಲ್ಲಿ ಹೇಳಿದ್ದೀರಲ್ವಾ? ಹೋದ ವರ್ಷ ಎಷ್ಟು ಜನ ಕಪ್ಪು ಅಭ್ಯರ್ಥಿಗಳನ್ನು ಸಂದರ್ಶನಕ್ಕೆ ಕರೆದಿರಿ, ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಖಂಡಿತ ಹಾಕುತ್ತೇನೆ.

ಸಂಪಾದಕ